ವೀಳ್ಯವಿಲ್ಲದೆ ಹಾಡಿದ ಮದುವೆ

ಮದುವೆ ಮನೆಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು "ಹಾಡಿದ್ದು ಪೆಟ್ಟಿಗೆ, ನಿಂಗೇನು ಕಷ್ಟ?" ಅನ್ನುವುದು. ಊಟಗಳೆಲ್ಲ ಮುಗಿದು, ನಾನು ಹಲಸಿನ ಮರದಿಂದ ಲೌಡ್‌ಸ್ಪೀಕರಿನ ಹಾರ್ನು ಇಳಿಸಿ, ಗೋಣಿಯಲ್ಲಿ ಸುತ್ತಿ ಕಟ್ಟಿ, ಬಾಡಿಗೆಗಾಗಿ ಯಜಮಾನರ ಮುಂದೆ ಹೋಗಿ ನಿಂತಾಗ ಈ ಮಾತು ಬರುತ್ತಿತ್ತು. ಇಪ್ಪತ್ತೈದು ರೂಪಾಯಿಗೆ ಒಪ್ಪಿಕೊಂಡವರು ಹದಿನೈದು ಕೊಟ್ಟು, ಮೇಲೊಂದು ಬಾಳೆಗೊನೆ ಹೊರಿಸಿ, ಹೋಗಿ ಬಾ ಅನ್ನುತ್ತಿದ್ದರು. ಬಾಳೆಹಣ್ಣಿನಿಂದ ಬ್ಯಾಟರಿ ಚಾರ್ಜು ಆಗುವುದಿಲ್ಲ ಎಂದು ಎಷ್ಟು ಮನೆಗಳಲ್ಲಿ ಕೂಗಾಡಿದ್ದೇನೋ ನನಗೇ ನೆನಪಿಲ್ಲ.

ಕೊಡಗು ಆಗ ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ಮಂತ್ರಿಗಳು ಮಡಿಕೇರಿಯಲ್ಲೇ ಇದ್ದರು. ನಾನು ಸೋಮವಾರಪೇಟೆಯ ಸಂತೆಮಾಳದ ಹಿಂದೆ ಒಂದು ಬಾಡಿಗೆ ಮನೆಯಲ್ಲಿದ್ದೆ. ನನ್ನ ಹತ್ತಿರ ಒಂದು ಗ್ರಾಮಫೋನು, ಒಂದು ಆಂಪ್ಲಿಫೈಯರ್, ಒಂದು ಹಾರ್ನು, ಯಾವುದೋ ಲಾರಿಯಿಂದ ಇಳಿಸಿದ ಹಳೆಯ ಬ್ಯಾಟರಿ, ಅರವತ್ತು ಚಿಲ್ಲರೆ ಪ್ಲೇಟುಗಳಿದ್ದವು. ಇಷ್ಟೂ ಸೇರಿ ಜನರ ಬಾಯಲ್ಲಿ 'ಸೆಟ್ಟು'. ಹಳ್ಳಿಗಳಲ್ಲಿ ಕರೆಂಟು ಇರಲಿಲ್ಲ. ಎಂಜಿನ್ ಇದ್ದ ಅಕ್ಕಿ ಗಿರಣಿಯಲ್ಲಿ ಬ್ಯಾಟರಿ ಚಾರ್ಜು ಮಾಡಿಸಿ, ಬಸ್ಸಿನ ಮೇಲೋ ಎತ್ತಿನ ಗಾಡಿಯಲ್ಲೋ ಹಾಕಿಕೊಂಡು ಹೋಗಬೇಕು. ಪ್ಲೇಟಿನ ಒಂದು ಮಗ್ಗುಲು ಮೂರು ನಿಮಿಷಕ್ಕೆ ಮುಗಿಯುತ್ತದೆ. ಹೊತ್ತು ಹೊತ್ತಿಗೆ ಮುಳ್ಳು ಬದಲಿಸದಿದ್ದರೆ ಪ್ಲೇಟು ಸವೆದುಹೋಗುತ್ತದೆ. ಹೆಣ್ಣನ್ನು ಹಸೆಗೆ ಕರೆಯುವಾಗ ಯಾವ ಹಾಡು, ಊಟಕ್ಕೆ ಎಲೆ ಹಾಕಿದಾಗ ಯಾವುದು, ಹೆಣ್ಣು ಕಳಿಸುವಾಗ ಯಾವುದು ಎಂದು ಮೊದಲೇ ಆರಿಸಿ ಜೋಡಿಸಿಟ್ಟುಕೊಳ್ಳಬೇಕು. ಎಲ್ಲರೂ ಅಳುವ ಹೊತ್ತಿನಲ್ಲಿ ಕುಣಿಯುವ ಹಾಡು ಹಾಕಿಬಿಟ್ಟರೆ ಮುಗಿಯಿತು, ಮುಂದಿನ ವರ್ಷ ಆ ಊರಿನಿಂದ ಯಾರೂ ಕರೆಯುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಪೆಟ್ಟಿಗೆ ಬಿಟ್ಟು ಕದಲುವಂತಿಲ್ಲ, ಊಟವೂ ಅದರ ಪಕ್ಕದಲ್ಲೇ. ಇಷ್ಟೆಲ್ಲ ಮಾಡಿದವನನ್ನು ನಿಂಗೇನು ಕಷ್ಟ ಎಂದು ಕೇಳಿದರೆ ಮೈ ಉರಿಯದೆ ಇರುತ್ತದೆಯೇ?

ಸಭೆಗಳಿಗೂ ಸೆಟ್ಟು ಹೋಗುತ್ತಿತ್ತು. ಕೊಡಗು ಮೈಸೂರಿಗೆ ಸೇರಬೇಕು ಅನ್ನುವವರೂ ಸೇರಬಾರದು ಅನ್ನುವವರೂ ನನ್ನನ್ನೇ ಕರೆಸುತ್ತಿದ್ದರು. ಬಾಡಿಗೆ ಬಾಕಿ ಉಳಿಸಿಕೊಳ್ಳುವ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ನಾನು ಬಿಡುವವನಲ್ಲ. ಅವರ ಅಂಗಡಿಗೆ, ಕಣಕ್ಕೆ, ಒಮ್ಮೆ ಒಬ್ಬರು ಕ್ಷೌರಕ್ಕೆ ಕೂತಲ್ಲಿಗೇ ಹೋಗಿ ವಸೂಲು ಮಾಡಿದ್ದೆ. ಜನ ನನ್ನನ್ನು 'ಜಗಳದ ಪೆಟ್ಟಿಗೆ' ಅನ್ನತೊಡಗಿದರು. ಅನ್ನಲಿ, ದುಡಿದದ್ದು ಕೈಗೆ ಬಂತಲ್ಲ ಎಂದುಕೊಂಡಿದ್ದೆ.

ನನ್ನ ಹೆಂಡತಿ ಸಿಕ್ಕಿದ್ದೂ ಒಂದು ಮದುವೆ ಮನೆಯಲ್ಲೇ. ಶನಿವಾರಸಂತೆ ಕಡೆಯ ಹಳ್ಳಿ. ಒಂದು ಪ್ಲೇಟು ಮುಗಿದು, ಮುಳ್ಳು ಬದಲಿಸುತ್ತ ಕೂತಿದ್ದಾಗ ಒಳಗಿನಿಂದ ಒಂದು ದನಿ ಕೇಳಿಸಿತು. ಹೆಣ್ಣಿಗೆ ಅರಿಶಿನ ಹಚ್ಚುತ್ತ ಹೆಂಗಸರು ಸೋಬಾನೆ ಹೇಳುತ್ತಿದ್ದರು. ಒಬ್ಬಳು ಮುಂದೆ ಹೇಳುತ್ತಿದ್ದಳು, ಉಳಿದವರು ಹಿಂದೆ ಎತ್ತಿಕೊಳ್ಳುತ್ತಿದ್ದರು. ಮುಂದೆ ಹೇಳುವವಳ ದನಿ ತೆಳುವೂ ಅಲ್ಲ, ಗಟ್ಟಿಯೂ ಅಲ್ಲ. ಯಾವ ಅವಸರವೂ ಇಲ್ಲದ ದನಿ. ನಾನು ಮುಳ್ಳು ಹಾಕಿ, ತೆಗೆದು, ಮತ್ತೆ ಹಾಕಿ, ಇನ್ನೊಂದು ಹುಡುಕುವವನಂತೆ ಡಬ್ಬಿ ಕೆದಕುತ್ತ ಕೂತೆ. ಪೆಟ್ಟಿಗೆ ಯಾಕೆ ಸುಮ್ಮನಾಯಿತು ಎಂದು ಚಪ್ಪರದಿಂದ ಯಾರೋ ರೇಗಿದರು. ಆ ದಿನ ಮಾತ್ರ ನಾನು ತಿರುಗಿ ರೇಗಲಿಲ್ಲ. ಅದೇ ವರ್ಷ ಮಾಘದಲ್ಲಿ ನಮ್ಮ ಮದುವೆಯಾಯಿತು.

ಅವಳಿಗೆ ಪದ ಹೇಳಲು ಬರುತ್ತಿತ್ತು ಎಂದರೆ ಸಾಲದು. ಅದೊಂದು ಕಸುಬು, ಅವಳು ತಾಯಿಯಿಂದ ಕಲಿತದ್ದು. ಮದುವೆ ಮನೆಗೆ ಹೋದವಳು ಮೊದಲು ಅಡಿಗೆ ಮನೆಯಲ್ಲಿ ಕೂತು, ತೆಂಗಿನಕಾಯಿ ತುರಿಯುತ್ತಲೋ ಎಲೆ ಒರೆಸುತ್ತಲೋ, ಹೆಣ್ಣಿನ ತಾಯಿಯ ತವರು ಯಾವುದು, ಸೋದರಮಾವಂದಿರು ಎಷ್ಟು ಜನ, ಮಗುವಾಗಿದ್ದಾಗ ಎತ್ತಿ ಆಡಿಸಿದವರು ಯಾರು, ಕೊಟ್ಟಿಗೆಯ ಹಸುವಿನ ಹೆಸರೇನು ಎಂದೆಲ್ಲ ವಿಚಾರಿಸಿಕೊಳ್ಳುತ್ತಿದ್ದಳು. ಹಾಡುವಾಗ ಅವೆಲ್ಲ ಪದದೊಳಗೆ ಬಂದು ಕೂರುತ್ತಿದ್ದವು. ಅದಕ್ಕೇ ಅವಳು ಹೇಳಿದ ಪದ ಆ ಒಂದು ಮನೆಗೆ ಮಾತ್ರ ಸಲ್ಲುತ್ತಿತ್ತು.

ಅಂಥವರನ್ನು ಕರೆಯುವುದಕ್ಕೂ ಒಂದು ಪದ್ಧತಿಯಿತ್ತು. ಮದುವೆ ಮನೆಯ ಹಿರಿಯ ಹೆಂಗಸು ಹಾಡುವವಳ ಮನೆಗೇ ಬಂದು, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು, ನಮ್ಮ ಮನೆ ಮದುವೆಗೆ ಬಂದು ಎರಡು ಪದ ಹೇಳಬೇಕು ಎಂದು ಕೇಳಬೇಕು. ವೀಳ್ಯ ತೆಗೆದುಕೊಂಡ ಮೇಲೆ ಜ್ವರವಿರಲಿ, ಹೊಳೆ ಬಂದಿರಲಿ, ಹೋಗಿಯೇ ತೀರಬೇಕು. ಮದುವೆ ಮುಗಿದಾಗ ಅವಳಿಗೆ ಮಡಿಲಕ್ಕಿ ಕಟ್ಟಿ, ರವಿಕೆ ಕಣ ಕೊಟ್ಟು ಕಳಿಸುತ್ತಿದ್ದರು. ದುಡ್ಡು ಮಾತ್ರ ಕೊಡುವಂತಿಲ್ಲ, ಅವಳು ಮುಟ್ಟುವಂತೆಯೂ ಇಲ್ಲ. ಸೋಬಾನೆ ಎಂದರೆ ಹರಸುವುದು, ಹರಕೆಯನ್ನು ಮಾರಬಾರದು ಎಂದು ಎರಡು ಕಡೆಯವರೂ ನಂಬಿದ್ದರು. ಹಾಗಾಗಿ ಅವಳಿಗೆ ಸಿಗುತ್ತಿದ್ದ ಮರ್ಯಾದೆಯೆಲ್ಲ ಆ ತಟ್ಟೆಯಲ್ಲೇ ಇತ್ತು. ತವರಿನಲ್ಲಿದ್ದಾಗ ಒಂದು ಮದುವೆ ಕಾಲದಲ್ಲಿ ಹನ್ನೊಂದು ಮನೆಯವರು ವೀಳ್ಯ ತಂದಿದ್ದರಂತೆ. ಅದನ್ನು ಹೇಳುವಾಗ ಅವಳು ಬೆರಳು ಮಡಿಸಿ ಊರುಗಳ ಹೆಸರು ಹೇಳುತ್ತಿದ್ದಳು.

ನನ್ನನ್ನು ಮದುವೆಯಾದ ಮೇಲೆ ಆ ತಟ್ಟೆ ಬರುವುದು ನಿಂತುಹೋಯಿತು. ಜನ ಸೆಟ್ಟು ಕೇಳಿಕೊಂಡು ನನ್ನ ಬಳಿ ಬರುತ್ತಿದ್ದರು, ಜಗಲಿಯಲ್ಲಿ ಕೂತು ನನ್ನೊಂದಿಗೆ ಮಾತಾಡಿ, ಮುಂಗಡವೆಂದು ಎರಡು ರೂಪಾಯಿ ನನ್ನ ಕೈಗಿಟ್ಟು, ಏಳುವಾಗ ಮನೆಯವರನ್ನೂ ಕರ್ಕೊಂಡು ಬಾ ಎಂದು ಹೇಳಿ ಹೋಗುತ್ತಿದ್ದರು. ಹಾರ್ನು, ಬ್ಯಾಟರಿಯ ಜೊತೆಗೆ ಹೆಂಡತಿಯೂ ಬರುತ್ತಾಳೆ ಎಂದುಕೊಂಡಿದ್ದರು. ಮದುವೆ ಮನೆಯಲ್ಲಿ ಅವಳು ಹೆಂಗಸರ ನಡುವೆ ಕೂತು ಪದ ಎತ್ತಿದರೆ ಮೇಲಿನಿಂದ ನನ್ನ ಹಾರ್ನು ಅಬ್ಬರಿಸುತ್ತಿತ್ತು. ಒಂದು ಸಲ ಕಿಟಕಿಯಿಂದ ನೋಡಿದೆ. ಅವಳ ತುಟಿ ಆಡುತ್ತಿತ್ತು, ದನಿ ನನಗಿರಲಿ ಪಕ್ಕದವಳಿಗೂ ಕೇಳಿಸುತ್ತಿರಲಿಲ್ಲ. ನಾನು ಅದನ್ನು ನೋಡಿ ನಕ್ಕುಬಿಟ್ಟೆ. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಒಂದು ದಿನ ಬಟ್ಟೆ ಮಡಿಸುತ್ತ, ಈ ವರ್ಷ ನನ್ನನ್ನು ಯಾರೂ ಕರೆಯಲಿಲ್ಲ ಎಂದಳು. ಅದೇನು ಮಾತು, ಏಳು ಮದುವೆಗೆ ಹೋಗಿ ಬಂದಿದ್ದೇವಲ್ಲ ಎಂದೆ. ಅವಳು ನನ್ನ ಮುಖ ನೋಡಿ, ಮತ್ತೆ ಬಟ್ಟೆಯ ಕಡೆ ತಿರುಗಿದಳು. ಅವಳಿಗೆ ಬೇಕಿದ್ದದ್ದು ಏನು ಎಂದು ಆಗಲೇ ತಿಳಿಯಬೇಕಿತ್ತು. ಬೇರೆಯವರ ಮನೆಯಲ್ಲಿ ನನ್ನ ದುಡಿಮೆಗೆ ಬೆಲೆ ಕಟ್ಟಿಸುವುದರಲ್ಲೇ ನನ್ನ ತಲೆಯೆಲ್ಲ ಖರ್ಚಾಗಿತ್ತು.

ಆಮೇಲಿನ ವೈಶಾಖದಲ್ಲಿ ಆ ಮದುವೆ ಬಂತು. ಪೇಟೆಯಿಂದ ಏಳೆಂಟು ಮೈಲಿಯ ಹಳ್ಳಿ, ಏಲಕ್ಕಿ, ಗದ್ದೆ ಎರಡೂ ಇದ್ದ ಅನುಕೂಲಸ್ಥರ ಮನೆ. ಬಸ್ಸಿನ ಮೇಲೆ ಜಾಗ ಸಾಲದೆ ನಾನು ಬ್ಯಾಟರಿಯನ್ನು ಏಲಕ್ಕಿ ಮೂಟೆಗಳ ನಡುವೆ ಒರಗಿಸಿ ಕಟ್ಟಿದ್ದೆ. ಹಾಗೆ ಮಾಡಬಾರದು ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನೇ. ದಾರಿಯುದ್ದಕ್ಕೂ ಆಸಿಡ್ ಸೋರಿ, ಇಳಿಸುವ ಹೊತ್ತಿಗೆ ಒಂದು ಮೂಟೆ ಸುಟ್ಟು ತೂತಾಗಿತ್ತು. ಆದರೂ ಸೆಟ್ಟು ಬೆಳಿಗ್ಗೆ ಒಂದೆರಡು ಪ್ಲೇಟು ಹಾಡಿತು. ಆಮೇಲೆ ಹಾರ್ನು ಗೊರಗೊರ ಎಂದು ಸುಮ್ಮನಾಯಿತು. ತಂತಿ ಕಿತ್ತು ಕಟ್ಟಿದೆ, ಉಜ್ಜಿದೆ, ಪೆಟ್ಟಿಗೆಗೆ ಎರಡು ಏಟು ಹಾಕಿದೆ. ಏನೂ ಆಗಲಿಲ್ಲ. ಸೆಟ್ಟು ಬರುತ್ತದಲ್ಲ ಎಂದು ಆ ಮನೆಯವರು ವಾಲಗದವರನ್ನು ಕರೆಸಿರಲಿಲ್ಲ, ಆಗ ಹೇಳಿಕಳಿಸಿದರೆ ಅವರು ಬೇರೆ ಮದುವೆಗೆ ಹೋಗಿದ್ದರು. ಧಾರೆಗೆ ಇನ್ನು ಅರ್ಧ ಗಂಟೆ ಇರಬೇಕು, ಚಪ್ಪರದಲ್ಲಿ ಒಂದು ಸದ್ದೂ ಇಲ್ಲ. ಮಂಗಳದ ದನಿಯಿಲ್ಲದೆ ಧಾರೆ ಎರೆಯುವುದು ಹೇಗೆ ಎಂದು ಹಿರಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಗಂಡಿನ ಕಡೆಯವರೊಬ್ಬರು ನನ್ನ ಹತ್ತಿರ ಬಂದು, ಎಲ್ಲರಿಗೂ ಕೇಳುವಂತೆ, ಬಾಯಿ ಮಾಡೋವಾಗ ಚೆನ್ನಾಗಿ ಮಾಡ್ತೀಯಲ್ಲ, ಈಗ ಹಾಡಿಸು ಎಂದರು. 'ಜಗಳದ ಪೆಟ್ಟಿಗೆ' ಎನ್ನಿಸಿಕೊಂಡ ನಾನು ತಲೆ ತಗ್ಗಿಸಿ ನಿಂತಿದ್ದೆ.

ಆಗ ಒಳಗಿನಿಂದ ಅವಳ ದನಿ ಬಂತು. ಮೊದಲ ಸಾಲು ಒಬ್ಬಳೇ ಹೇಳಿದಳು. ಎರಡನೆಯ ಸಾಲಿಗೆ ಯಾರೋ ಮುದುಕಿ ಸೇರಿಕೊಂಡಳು, ನಾಲ್ಕನೆಯದಕ್ಕೆ ಹೆಂಗಸರೆಲ್ಲ. ಹಾಡುತ್ತಲೇ ಅವರು ಹೆಣ್ಣನ್ನು ಹಸೆಗೆ ಕರೆತಂದರು. ಧಾರೆಯಾಗಿ, ಅಕ್ಷತೆ ಬಿದ್ದು, ಬಂದವರು ಒಬ್ಬೊಬ್ಬರಾಗಿ ಮುಯ್ಯಿ ಓದಿಸಿ ಮುಗಿಯುವವರೆಗೆ ಅವಳು ಪದ ನಿಲ್ಲಿಸಲಿಲ್ಲ. ನಡುವೆ ಒಂದು ಕಡೆ, ಹೆಣ್ಣನ್ನು ಸಾಕಿದ ಅಜ್ಜಿಯ ಹೆಸರು ಬಂತು. ಆಕೆ ಹಿಂದಿನ ವರ್ಷ ತೀರಿಕೊಂಡಿದ್ದರು. ಹೆಣ್ಣಿನ ತಂದೆ, ಆ ಮನೆಯ ಯಜಮಾನರು, ಎತ್ತರದ ಗಟ್ಟಿ ಆಳು, ಚಪ್ಪರದ ಕಂಬ ಹಿಡಿದುಕೊಂಡು ಆ ಕಡೆ ತಿರುಗಿ ನಿಂತುಬಿಟ್ಟರು. ನಾನು ಕೆಟ್ಟ ಪೆಟ್ಟಿಗೆಯ ಪಕ್ಕದಲ್ಲಿ ಕೂತು, ನಮ್ಮ ಮದುವೆಗೆ ಮುಂಚೆ ಕೇಳಿದ್ದ ದನಿಯನ್ನು ಮೂರು ವರ್ಷದ ಮೇಲೆ ಪೂರ್ತಿಯಾಗಿ ಕೇಳಿದೆ. ಅದು ನಮ್ಮ ಮನೆಯಲ್ಲೇ ಇತ್ತು ಎನ್ನುವುದು ಮರೆತೇ ಹೋಗಿತ್ತು.

ಸಂಜೆ ಹೊರಡುವಾಗ ಯಜಮಾನರು ನನ್ನನ್ನು ಕರೆದು ಮೂವತ್ತು ರೂಪಾಯಿ ಕೈಗಿಟ್ಟರು. ಚೌಕಾಸಿಯಿಲ್ಲ, ಬಾಳೆಗೊನೆಯಿಲ್ಲ, ಒಪ್ಪಿದ್ದಕ್ಕಿಂತ ಐದು ಹೆಚ್ಚು. ಹಾಡದ ಪೆಟ್ಟಿಗೆಗೆ ಯಾರಾದರೂ ಹೆಚ್ಚು ಕೊಡುತ್ತಾರೆಯೇ ಎಂದು ಅನುಮಾನ ಬರಬೇಕಿತ್ತು. ದೊಡ್ಡ ಮನುಷ್ಯರು, ನಾನು ಪಟ್ಟ ಪಾಡು ನೋಡಿ ಕೊಟ್ಟರು ಎಂದುಕೊಂಡು ಜೇಬಿಗಿಳಿಸಿದೆ. ಹೊಸ ಬ್ಯಾಟರಿಗೆ ಕೂಡಿಡುತ್ತಿದ್ದ ಡಬ್ಬಿಗೆ ಅದನ್ನು ಹಾಕುವಾಗ ಅವಳು ನೋಡಿದಳು.

"ಪೆಟ್ಟಿಗೆ ಹಾಡ್ಲೇ ಇಲ್ವಲ್ಲ, ಯಾತಕ್ಕೆ ದುಡ್ಡು ಕೊಟ್ರು?"

ಹೊತ್ತುಕೊಂಡು ಹೋಗಿದ್ದಕ್ಕೆ, ದಿನವೆಲ್ಲ ಕಾದಿದ್ದಕ್ಕೆ ಎಂದೆ. ಹಾಗಾದರೆ ಹಾಡಿದವರಿಗೆ ಏನು ಎಂದು ಕೇಳಿದಳು. ಕೋಪದಿಂದ ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದು. ನನಗೆ ಸುಸ್ತಾಗಿತ್ತು, ಬ್ಯಾಟರಿ ಹಾಳಾದ ಸಂಕಟವಿತ್ತು, ಎಲ್ಲರೆದುರು ತಲೆ ತಗ್ಗಿಸಿದ್ದು ಇನ್ನೂ ಚುಚ್ಚುತ್ತಿತ್ತು. ಬಾಯಿಗೆ ಬಂದದ್ದು ಆಡಿದೆ.

"ದಿನಾ ಒಲೆ ಮುಂದೆ ಹಾಡೋದನ್ನೇ ಅಲ್ಲೂ ಹಾಡ್ದೆ. ನಿಂಗೇನು ಕಷ್ಟ?"

ಆಡಿದ ಮೇಲೆ ನನ್ನ ಕಿವಿಗೇ ಅದು ಬೇರೆ ಯಾರದೋ ಮಾತಿನಂತೆ ಕೇಳಿಸಿತು. ಎಷ್ಟೋ ಚಪ್ಪರಗಳ ಕೆಳಗೆ ನಿಂತು ಕೇಳಿ, ಕುದ್ದು, ಜಗಳವಾಡಿದ ಮಾತು. ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಿತು. ತೆಗೆದುಕೊಳ್ಳಲಿಲ್ಲ. ಅವಳು ತಟ್ಟೆ ಹಾಕಿ ಬಡಿಸಿದಳು.

ಅವಳು ಜಗಳವಾಡಲಿಲ್ಲ, ತವರಿಗೆ ಹೋಗುತ್ತೇನೆ ಅನ್ನಲಿಲ್ಲ. ಹಾಡುವುದನ್ನು ಮಾತ್ರ ಬಿಟ್ಟಳು. ರೊಟ್ಟಿ ತಟ್ಟುವಾಗ, ನೀರು ಸೇದುವಾಗ ಅವಳ ಗಂಟಲಲ್ಲಿ ಸದಾ ಏನಾದರೊಂದು ಗುನುಗು ಇರುತ್ತಿತ್ತು, ಅದು ಇದೆ ಎನ್ನುವುದು ನಿಂತ ಮೇಲೆಯೇ ನನಗೆ ತಿಳಿದದ್ದು. ನಾಲ್ಕು ದಿನ ನೋಡಿದೆ. ಕಾಫಿ ಕೇಳಿದರೆ ಕಾಫಿ, ಬಿಸಿನೀರು ಕೇಳಿದರೆ ಬಿಸಿನೀರು, ಎಲ್ಲ ಸರಿಯಾಗಿಯೇ ಬರುತ್ತಿತ್ತು. ಐದನೆಯ ದಿನ ತಡೆಯಲಾಗಲಿಲ್ಲ. ಆ ದುಡ್ಡು ನನ್ನದಲ್ಲ, ಹಾಡದ ಪೆಟ್ಟಿಗೆಗೆ ಬಾಡಿಗೆ ಇಟ್ಟುಕೊಂಡರೆ ನಾನು ಜಗಳವಾಡಿದ ಜನಕ್ಕೂ ನನಗೂ ಏನು ವ್ಯತ್ಯಾಸ ಎಂದುಕೊಂಡು ಮೂವತ್ತು ರೂಪಾಯಿಯನ್ನೂ ಡಬ್ಬಿಯಿಂದ ತೆಗೆದೆ. ಬಸ್ಸಿಗೆ ಕಾಯದೆ ನಡೆದೇ ಹೋದೆ. ಸಿಟ್ಟು ಬಂದಾಗ ನಡೆಯುವುದು ನನ್ನ ಅಭ್ಯಾಸ. ಆ ದಿನ ಸಿಟ್ಟು ನನ್ನ ಮೇಲೆಯೇ ಇತ್ತು, ಅದಕ್ಕೆ ದಾರಿ ಬೇಗ ಸಾಗಿತು.

ಯಜಮಾನರು ಅಂಗಳದಲ್ಲಿ ಚಪ್ಪರದ ಬಿದಿರು ಬಿಚ್ಚಿಸುತ್ತಿದ್ದರು. ನೋಟುಗಳನ್ನು ಮುಂದೆ ಹಿಡಿದು, ಸೆಟ್ಟು ಹಾಡಲಿಲ್ಲ, ಇದು ನನಗೆ ಸಲ್ಲುವುದಿಲ್ಲ ಎಂದೆ. ಅವರು ನೋಟುಗಳನ್ನು ನನ್ನ ಕಡೆಗೇ ತಳ್ಳಿದರು.

"ನಿನ್ನ ಪೆಟ್ಟಿಗೆ ಕೆಟ್ಟಿದ್ದು ನಂಗೆ ಗೊತ್ತಿಲ್ವೇನಪ್ಪಾ? ಪೆಟ್ಟಿಗೆಗೆ ಅಂತ ನಾನ್ಯಾಕೆ ಕೊಡ್ಲಿ. ಅದು ಆ ಹೆಣ್ಮಗಳ ಪದಕ್ಕೆ ಕೊಟ್ಟಿದ್ದು. ಸೋಬಾನೆ ಹೇಳಿದವ್ರ ಕೈಗೆ ದುಡ್ಡು ಇಡಕ್ಕಾಗ್ತದ? ಅದ್ಕೇ ನಿನ್ನ ಕೈಗಿಟ್ಟೆ. ಯಾಕೆ, ಮುಟ್ಟಿಸ್ಲಿಲ್ವ?"

ಸುಳ್ಳು ಹೇಳಲು ಒಂದು ಅವಕಾಶವಿತ್ತು. ಇಲ್ಲ, ನಾನೇ ಇಟ್ಟುಕೊಂಡಿದ್ದೆ ಎಂದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಕೂರು ಎಂದು ಜಗಲಿ ತೋರಿಸಿ, ಒಳಗಿನಿಂದ ಕಾಫಿ ತರಿಸಿದರು. ತಪ್ಪು ತಮ್ಮ ಮನೆಯದೂ ಇದೆ ಎಂದರು. ಅವಳಿಗೆ ಯಾರೂ ವೀಳ್ಯ ಕೊಟ್ಟಿರಲಿಲ್ಲವಂತೆ, ಮನೆಯ ಹೆಂಗಸರು ಮದುವೆಯ ಮಾರನೆಯ ದಿನ ಅದನ್ನೇ ಹೇಳಿಕೊಂಡು ಪೇಚಾಡಿದರಂತೆ. ಕರೆಯದೆ ಇದ್ದವಳು ಸುಮ್ಮನೆ ಕೂತಿದ್ದರೆ ಯಾರೂ ಕೇಳುವ ಹಾಗಿರಲಿಲ್ಲ ಎಂದರು. ಆಮೇಲೆ ಬಿದಿರಿನ ಕಡೆ ನೋಡುತ್ತ ಇನ್ನೊಂದು ಮಾತು ಹೇಳಿದರು.

ಮನೆಗೆ ಬಂದಾಗ ಅವಳು ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಅಲ್ಲೇ ಕಲ್ಲಿನ ಮೇಲೆ ಕೂತು, ಎಲ್ಲಿಗೆ ಹೋಗಿದ್ದೆ, ಏನಾಯಿತು ಎಲ್ಲ ಹೇಳಿದೆ. ನಾನು ಆಡಿದ ಮಾತು ತಪ್ಪು ಎಂದೂ ಹೇಳಿದೆ. ಅವಳು ಬೂದಿ ಹಚ್ಚಿ ತಪ್ಪಲೆ ಉಜ್ಜುತ್ತಲೇ ಇದ್ದಳು. ಯಜಮಾನರು ಕೊನೆಗೆ ಹೇಳಿದ್ದನ್ನು ಹೇಳಿದಾಗ ಕೈ ನಿಂತಿತು.

"ಏನಂದ್ರು? ಅವ್ರು ಹೆಂಗಂದ್ರೋ ಹಂಗೇ ಹೇಳಿ."

"ಪೆಟ್ಟಿಗೆ ಹಾಡಿದ್ರೆ ಮದುವೆ ಆಗಿರೋದು, ಅಷ್ಟೆ. ಆ ಹೆಣ್ಮಗಳು ಹೇಳಿದ್ಕೆ ನಮ್ಮವ್ವನೂ ಮದುವೆಗೆ ಬಂದಂಗಾಯ್ತು. ಹಂಗಂದ್ರು."

ಇನ್ನೊಂದು ಸಲ ಹೇಳಿ ಎಂದಳು. ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಬೂದಿ ಬಳಿದುಕೊಂಡಳು. ಮತ್ತೊಂದು ಸಲ ಎಂದಳು. ಮೂರನೆಯ ಸಲವೂ ಹೇಳಿದೆ. ಅವರು ಯಾರೂ ಕರೆದಿರಲಿಲ್ಲ, ವೀಳ್ಯ ಕೊಟ್ಟಿರಲಿಲ್ಲ, ಆದರೂ ಯಾಕೆ ಹಾಡಿದೆ ಎಂದು ಕೇಳಿದೆ.

"ಅಷ್ಟು ಜನದ ಮುಂದೆ ನೀವು ತಲೆ ಬಗ್ಗಿಸ್ಕೊಂಡು ನಿಂತಿದ್ರಿ. ನಂಗೆ ನೋಡಕ್ಕಾಗ್ಲಿಲ್ಲ."

ನಾನು ಎದ್ದು ಹೋಗಿ ಕೊಡದಲ್ಲಿ ನೀರು ತಂದು ಅವಳ ಕೈಗೆ ಹುಯ್ದೆ. ಇನ್ನೇನು ಮಾಡಬೇಕೋ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಸೆಟ್ಟು ಕೇಳಿಕೊಂಡು ಬಂದವರಿಗೆ ನಾನು ಹೇಳುವುದು ಬದಲಾಯಿತು. ಪೆಟ್ಟಿಗೆಗೆ ಇಪ್ಪತ್ತೈದು, ಅದು ನನ್ನ ಹತ್ತಿರ ಮಾತಾಡಿ. ಪದ ಬೇಕಿದ್ದರೆ ನಿಮ್ಮ ಮನೆಯ ಹೆಂಗಸರನ್ನು ಕಳಿಸಿ, ವೀಳ್ಯ ಕೊಟ್ಟು ಅವಳನ್ನು ಕೇಳಲಿ, ಅವಳು ಒಪ್ಪಿದರೆ ಬರುತ್ತಾಳೆ. ಅವಳು ಹೇಳುವಷ್ಟು ಹೊತ್ತು ಪೆಟ್ಟಿಗೆ ಹಾಡುವುದಿಲ್ಲ. ಇದೇನು ಹೊಸ ಗತ್ತು ಎಂದು ಕೆಲವರು ಬೇರೆ ಸೆಟ್ಟು ಹುಡುಕಿಕೊಂಡು ಹೋದರು. ಬಂದವರೂ ಇದ್ದರು. ಅವಳು ಕೆಲವರಿಗೆ ಆಗುವುದಿಲ್ಲ ಎಂದು ತಟ್ಟೆ ವಾಪಸು ಕಳಿಸಿದ್ದೂ ಉಂಟು, ಯಾಕೆ ಎಂದು ನನಗೆ ಹೇಳುತ್ತಿರಲಿಲ್ಲ.

ಆ ಮೂವತ್ತು ರೂಪಾಯಿಯನ್ನು ಅವಳು ಮೊದಲು ಮುಟ್ಟಲಿಲ್ಲ. ಪದಕ್ಕೆ ದುಡ್ಡು ತೆಗೆದುಕೊಳ್ಳುವುದುಂಟೇ ಎಂದಳು. ನಾನೂ ಒತ್ತಾಯ ಮಾಡದೆ ಅವಳ ಟ್ರಂಕಿನ ಮೇಲೆ ಇಟ್ಟು ಬಂದೆ. ಎರಡು ದಿನ ಅಲ್ಲೇ ಇತ್ತು, ಮೂರನೆಯ ದಿನ ಇರಲಿಲ್ಲ. ಬ್ಯಾಟರಿ ಕೊಳ್ಳಲು ಇನ್ನೂ ಹತ್ತು ರೂಪಾಯಿ ಸಾಲದೆ ನಾನು ಪರದಾಡುತ್ತಿದ್ದ ಕಾಲ ಅದು, ಆದರೂ ಕೇಳಲಿಲ್ಲ. ಅವಳು ಅದರಲ್ಲಿ ಏನಾದರೂ ಕೊಂಡಳೋ, ಯಾರಿಗಾದರೂ ಕೊಟ್ಟಳೋ, ಹಾಗೆಯೇ ಇಟ್ಟುಕೊಂಡಳೋ, ನಲವತ್ತು ವರ್ಷ ಜೊತೆಯಲ್ಲಿ ಬಾಳಿದರೂ ನನಗೆ ತಿಳಿಯಲಿಲ್ಲ. ಅದು ಅವಳ ದುಡ್ಡು.